ಕೆಂಪು ಗೀಟಿನ ಹಲ್ಲು

ಸ್ಪ್ರಿಂಗ್ ವಾಷರ್ ಇಲ್ಲದ ಸ್ಕ್ರೂವನ್ನು ಹನುಮಂತರಾಯಪ್ಪನವರು ಜನ್ಮದಲ್ಲಿ ನಂಬಿದವರಲ್ಲ. ಅಂಥ ಸ್ಕ್ರೂ ಕೊನೆಗೆ ಅವರ ಬಾಯೊಳಗೇ ಬಂದು ಕೂತಿತು.

ಇದು ಎಂಬತ್ತರ ದಶಕದ ಕೊನೆಯ ಮಾತು. ಹನುಮಂತರಾಯಪ್ಪನವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗಕ್ಕೆ ಹಿರಿಯರು. ಅವರ ಅಜ್ಜ ರಾಗಿ ಬೆಳೆದ ಹೊಲದ ಮೇಲೇ ಆ ಕಾರ್ಖಾನೆ ಎದ್ದಿತ್ತು. ಅಲ್ಲಿ ತಯಾರಾಗುತ್ತಿದ್ದುದು ಜಲ್ಲಿ ಜರಡಿ ಹಿಡಿಯುವ ಯಂತ್ರ. ಹುಟ್ಟಿದ ಗಳಿಗೆಯಿಂದ ಗುಜರಿ ಸೇರುವವರೆಗೂ ಗಡಗಡ ನಡುಗುವುದೇ ಅದರ ಉದ್ಯೋಗ. ನಡುಗುವ ಯಂತ್ರದಲ್ಲಿ ಬೋಲ್ಟು ಸಡಿಲವಾಗದೆ ಇರುತ್ತದೆಯೇ? ಆದ್ದರಿಂದ ಸಡಿಲವಾಗದಂತೆ ಸ್ಪ್ರಿಂಗ್ ವಾಷರಿನ ಬಳೆ ತೊಡಿಸಿ ಬಿಗಿ ಮಾಡಿದ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದ ಮೈಮೇಲೆ ಹಾಯುವಂತೆ ಒಂದು ಕೆಂಪು ಗೀಟು ಎಳೆಯುವುದು ಅಲ್ಲಿನ ಪದ್ಧತಿ. ಗೀಟು ನೇರವಾಗಿದ್ದರೆ ಬೋಲ್ಟು ಅಲುಗಿಲ್ಲ. ಗೀಟು ಮುರಿದು ಒಂದು ತುಂಡು ಅತ್ತ, ಒಂದು ತುಂಡು ಇತ್ತ ಆಗಿದ್ದರೆ ಬೋಲ್ಟು ತಿರುಗಿದೆ. ಈ ಗೀಟಿನ ಸಾಮ್ರಾಜ್ಯಕ್ಕೆ ಹನುಮಂತರಾಯಪ್ಪನವರೇ ಚಕ್ರವರ್ತಿಗಳು. ಕೈಯಲ್ಲಿ ಸದಾ ಒಂದು ಪುಟ್ಟ ಬಣ್ಣದ ಡಬ್ಬಿ ಮತ್ತು ಬ್ರಷ್ಷು.

ಆ ಗೀಟು ಕಾರ್ಖಾನೆಯೊಳಗೇ ಉಳಿದಿದ್ದರೆ ಅವರ ಹೆಂಡತಿ ಭದ್ರಮ್ಮನವರಿಗೆ ತಕರಾರಿರಲಿಲ್ಲ. ಅದು ಸಂಜೆ ಗಂಡನ ಜೊತೆಯಲ್ಲೇ ಚೊಕ್ಕಸಂದ್ರದ ಮನೆಗೂ ಬರುತ್ತಿತ್ತು. ಸೀಲಿಂಗ್ ಫ್ಯಾನಿಗೊಂದು ಗೀಟು, ಮಂಚದ ಕಾಲಿಗೊಂದು ಗೀಟು, ಕುಕ್ಕರಿನ ಹಿಡಿಗೊಂದು ಗೀಟು. (ಒರಳುಕಲ್ಲಿಗೆ ಸ್ಕ್ರೂ ಇಲ್ಲದ್ದರಿಂದ ಅದೊಂದು ಪಾರಾಗಿತ್ತು.) "ನನ್ ತಾಳಿ ಕೊಂಡಿಗೊಂದು ಎಳ್ದಿಲ್ಲ, ಅದೇ ನನ್ ಪುಣ್ಯ" ಎಂದು ಭದ್ರಮ್ಮ ಓರಗಿತ್ತಿಯರ ಮುಂದೆ ಹೇಳಿಕೊಳ್ಳುತ್ತಿದ್ದರು. ಅದನ್ನು ಕೇಳಿಸಿಕೊಂಡ ಗಂಡ ಅವರ ಕತ್ತಿನ ಕಡೆ ಒಂದು ಸಲ ಗಮನವಿಟ್ಟು ನೋಡಿದ್ದೂ ಉಂಟು.

ಇಷ್ಟು ಜಾಗ್ರತೆಯ ಮನುಷ್ಯ ಒಂದು ದಿನ ಕರೆಂಟು ವೈರಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿಯಲು ಹೋಗಿ ಎಡಗಡೆ ಕೆಳದವಡೆಯ ಹಲ್ಲೊಂದನ್ನು ಮುರಿದುಕೊಂಡರು. ಉಳಿದ ಬುಡವನ್ನು ಡಾಕ್ಟರು ಕಿತ್ತರು. ಬಲಗಡೆಯ ದವಡೆ ಹುಳುಕಿನ ಪಾಲಾಗಿ ಎಷ್ಟೋ ವರ್ಷವಾಗಿದ್ದರಿಂದ ಗಟ್ಟಿ ಪದಾರ್ಥದ ವ್ಯವಹಾರವೆಲ್ಲ ಎಡಗಡೆಯಲ್ಲೇ ನಡೆಯುತ್ತಿತ್ತು. ಈಗ ಆ ಅಂಗಡಿಯ ಬಾಗಿಲೂ ಅರ್ಧ ಮುಚ್ಚಿದಂತಾಯಿತು.

ಇದೇ ಹೊತ್ತಿಗೆ, ಶ್ರಾವಣದಲ್ಲಿ, ಮಗಳ ನಿಶ್ಚಿತಾರ್ಥ ಬಂತು. ಗಂಡಿನ ಕಡೆಯವರು ವರ್ತೂರಿನವರು. ಬೀಗರಾಗುವ ನಲ್ಲಪ್ಪನವರಿಗೆ ಕೆರೆಯ ಕೆಳಗೆ ಭತ್ತದ ಗದ್ದೆ, ಬಾಯಿ ತುಂಬ ಸ್ವಂತ ಹಲ್ಲು. ಅರವತ್ತು ದಾಟಿದರೂ ಒಂದೂ ಅಲುಗಿರಲಿಲ್ಲ. ಆ ವಿಷಯ ಎದುರಿನವರಿಗೆ ತಿಳಿಯದೆ ಹೋಗಬಾರದೆಂಬ ಕಾಳಜಿ ಬೇರೆ ಅವರಿಗಿತ್ತು. ತಾಂಬೂಲದ ತಟ್ಟೆಯಲ್ಲಿದ್ದ ಕೊಬ್ಬರಿ ಗಿಟಕನ್ನು ಎತ್ತಿ ಕಟುಮ್ಮನೆ ಕಡಿದು, ಇನ್ನರ್ಧವನ್ನು ಹನುಮಂತರಾಯಪ್ಪನವರ ಕಡೆಗೆ ಚಾಚಿದರು. ಇವರು ಅದನ್ನು ಬಾಯಿಗೆ ಹಾಕಿಕೊಂಡು ಕೆನ್ನೆಯೊಳಗೆ ದಾಸ್ತಾನು ಮಾಡಿ ಕೂತರು. ನಲ್ಲಪ್ಪನವರ ಕಣ್ಣು ಆ ಕೆನ್ನೆಯ ಮೇಲೆಯೇ ನಿಂತಿತು.

"ಏನ್ ಬೀಗ್ರೇ, ನಿಮ್ದು ಒಂದ್ಕಡೆ ಬೇಲಿ ಕಿತ್ತೋಗೈತೆ. ಬೀಗರೂಟಕ್ಕೆ ಬಂದಾಗ ನಳ್ಳಿ ಮೂಳೆ ಯಾರ್ಗಿಕ್ಕಾದು? ನಿಮ್ಗೆ ಒಂಚೂರು ಕೈಮಾ ಮಾಡುಸ್ಬುಡ್ಲಾ?"

ಚಪ್ಪರದಲ್ಲಿದ್ದವರೆಲ್ಲ ನಕ್ಕರು. ಹನುಮಂತರಾಯಪ್ಪನವರೂ ನಕ್ಕರು, ತುಟಿ ಮುಚ್ಚಿಕೊಂಡು. ಮದುವೆ ಮುಗಿದ ಮೇಲೆ ಗಂಡಿನ ಮನೆಯಲ್ಲಿ ಬೀಗರೂಟವಾದಾಗ ಹೆಣ್ಣಿನ ತಂದೆಯ ಎಲೆಗೆ ನಳ್ಳಿ ಮೂಳೆ ಬೀಳುವುದು ಮರ್ಯಾದೆಯ ವಿಷಯ. ಅದನ್ನು ಕಡಿದು ಒಳಗಿನ ಮಜ್ಜೆಯನ್ನು ಸೊರ್ರನೆ ಹೀರುವವರೆಗೂ ಪಂಕ್ತಿಯಲ್ಲಿರುವ ಅಷ್ಟೂ ಜನ ನೋಡುತ್ತಿರುತ್ತಾರೆ. ಕಡಿಯಲಾಗದೆ ಎಲೆಯ ತುದಿಗೆ ತಳ್ಳಿದರೆ ಮುಂದಿನ ಮೊಮ್ಮಕ್ಕಳ ನಾಮಕರಣದವರೆಗೂ ಅದೇ ಮಾತು. ವರ್ತೂರಿನಲ್ಲಿ ಆ ಮೂಳೆಯನ್ನು ಕಡಿದೇ ತೀರಬೇಕೆಂದು ಹನುಮಂತರಾಯಪ್ಪನವರು ಅವತ್ತೇ ಸಂಕಲ್ಪ ಮಾಡಿದರು. ಮದುವೆ ಫಾಲ್ಗುಣದಲ್ಲಿ, ಕಾಲಾವಕಾಶವಿತ್ತು.

"ಎಲ್ರಂಗೆ ಒಂದು ಸೆಟ್ಟು ಕಟ್ಟುಸ್ಕೊಳ್ಳಿ" ಎಂದರು ಭದ್ರಮ್ಮ.

"ರಾತ್ರಿ ಬಿಚ್ಚಿ ಲೋಟದಲ್ಲಿ ಇಡೋದನ್ನ ಜಾಯಿಂಟು ಅಂತಾರೇನೇ?"

"ಮತ್ತೆ ಬೆಸುಗೆ ಆಕುಸ್ತೀರಾ?"

ಬೆಸುಗೆಯಲ್ಲ, ಅದಕ್ಕಿಂತ ಹೊಸ ವಿದ್ಯೆಯೇ ಸಿಕ್ಕಿತು. ಪಟ್ಟಣದೊಳಗಿನ ಒಂದು ದಂತ ಕಾಲೇಜಿನಲ್ಲಿ, ಹೊರದೇಶದಲ್ಲಿ ಕಲಿತು ಬಂದ ಒಬ್ಬ ಡಾಕ್ಟರಮ್ಮ ದವಡೆಯ ಮೂಳೆಗೇ ಲೋಹದ ಬೇರು ನೆಟ್ಟು ಅದರ ಮೇಲೆ ಹಲ್ಲು ಕೂರಿಸುತ್ತಾರೆಂದು ಕಾರ್ಖಾನೆಯಲ್ಲಿ ಯಾರೋ ಹೇಳಿದರು. ಹನುಮಂತರಾಯಪ್ಪನವರು ಮಾರನೆಯ ದಿನವೇ ರಜೆ ಹಾಕಿ ಹೋದರು. ಬೇರು ನೆಟ್ಟದ್ದಾಯಿತು, ಮೂಳೆ ಅದನ್ನು ಕಚ್ಚಿ ಹಿಡಿಯಲೆಂದು ತಿಂಗಳುಗಟ್ಟಲೆ ಕಾದದ್ದಾಯಿತು. ಸಂಕ್ರಾಂತಿ ಕಳೆದ ಮೇಲೆ ಹಲ್ಲು ಕೂರಿಸುವ ದಿನ ಬಂತು. ಅವತ್ತು ಡಾಕ್ಟರಮ್ಮ ಒಂದೊಂದೇ ಭಾಗವನ್ನು ಅಂಗೈಯಲ್ಲಿಟ್ಟು ತೋರಿಸಿದರು.

"ಮೂಳೆಯೊಳಗೆ ಇರೋದು ಬೇರು. ಅದರ ಮೇಲೆ ಈ ಗೂಟ ಕೂರುತ್ತೆ. ಎರಡನ್ನೂ ಸೇರಿಸಿ ಹಿಡಿಯೋದು ಈ ಸ್ಕ್ರೂ. ಗೂಟದ ಮೇಲೆ ಹಲ್ಲು."

ಸ್ಕ್ರೂ ಎಂದ ಕೂಡಲೇ ಕುರ್ಚಿಯಲ್ಲಿ ಒರಗಿದ್ದವರು ಎದ್ದು ಕೂತರು. ಸಾಸಿವೆಗಿಂತ ಸ್ವಲ್ಪ ದೊಡ್ಡದಿರಬಹುದಾದ ಆ ಸ್ಕ್ರೂವನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅದರ ಥ್ರೆಡ್ಡಿನ ಸುತ್ತು ಚೆನ್ನಾಗಿತ್ತು. ಆದರೆ ಜೊತೆಗೆ ಇರಬೇಕಾದ್ದು ಇರಲಿಲ್ಲ.

"ಸ್ಪ್ರಿಂಗ್ ವಾಷರ್ ಎಲ್ಲಿ ಮೇಡಂ?"

"ಇಲ್ಲ."

"ಲಾಕ್ ನಟ್ಟು?"

"ಅದೂ ಇಲ್ಲ. ಸ್ಕ್ರೂನ ಬಿಗಿ ಮಾಡಿದಾಗ ಅದು ಒಂದು ಕೂದಲೆಳೆಯಷ್ಟು ಹಿಗ್ಗುತ್ತೆ. ಹಿಗ್ಗಿದ್ದು ಮತ್ತೆ ಕುಗ್ಗೋಕೆ ನೋಡುತ್ತಲ್ಲ, ಆ ಎಳೆತವೇ ಎರಡನ್ನೂ ಅದುಮಿ ಹಿಡಿಯುತ್ತೆ. ನೀವು ಅಗಿಯೋ ಭಾರ ಆ ಹಿಡಿತಕ್ಕಿಂತ ಕಮ್ಮಿ ಇರೋವರೆಗೂ ಅದು ಸಡಿಲ ಆಗಲ್ಲ."

"ಭಾರ ನೇರ ಬಂದ್ರೆ ಸರಿ ಮೇಡಂ. ಅಡ್ಡಡ್ಡ ಬಂದ್ರೆ? ಬಂದು ಹೋಗಿ, ಬಂದು ಹೋಗಿ ಮಾಡಿದ್ರೆ?"

ಡಾಕ್ಟರಮ್ಮ ಕೈಯಲ್ಲಿದ್ದುದನ್ನು ಕೆಳಗಿಟ್ಟು ಅವರನ್ನು ಹೊಸದಾಗಿ ನೋಡಿದರು. "ಅದೇ ಸರಿಯಾದ ಪ್ರಶ್ನೆ. ಅಡ್ಡ ಭಾರವೇ ಇದಕ್ಕೆ ಶತ್ರು. ಸ್ಕ್ರೂ ಸಡಿಲ ಆದ್ರೆ ಮೊದಲು ಹಲ್ಲು ಒಂಚೂರು ತಿರುಗುತ್ತೆ, ಆಮೇಲೆ ಅಲ್ಲಾಡುತ್ತೆ. ನಮ್ಮ ಕಡೆ ಊಟಕ್ಕೆ ಇದು ಹೇಗೆ ತಡೆಯುತ್ತೆ ಅಂತ ನನಗೂ ಕುತೂಹಲ ಇದೆ. ಹಾಂ, ಇನ್ನೊಂದು ವಿಷಯ. ಪಕ್ಕದ ಹಲ್ಲಿನ ವಸಡು ಇಳಿದಿದೆ. ಅದನ್ನ ಸ್ವಲ್ಪ ನೋಡ್ಕೋಬೇಕು."

ಪಕ್ಕದ ಹಲ್ಲಿನ ಮಾತು ಹನುಮಂತರಾಯಪ್ಪನವರ ಕಿವಿಯ ಮೇಲೆ ಬಿತ್ತು, ಒಳಗೆ ಹೋಗಲಿಲ್ಲ. ಅದರಲ್ಲಿ ಸ್ಕ್ರೂ ಇರಲಿಲ್ಲವಲ್ಲ.

ಮನೆಗೆ ಬಂದವರೇ ಪರೀಕ್ಷಾ ವಿಧಾನವನ್ನು ರೂಪಿಸಿದರು. ದಿನನಿತ್ಯದ ಅಗಿಯುವ ಕೆಲಸ ಪಕ್ಕದ ಸ್ವಂತ ಹಲ್ಲಿನದು. ಹೊಸ ಹಲ್ಲಿಗೆ ಸಂಜೆ ಕಾಫಿಯ ಹೊತ್ತಿನಲ್ಲಿ ಮಾತ್ರ, ಅಳೆದ ಭಾರ: ಮೊದಲು ಮೆತ್ತಗಿನ ದೋಸೆ, ಆಮೇಲೆ ಚಪಾತಿ, ಆಮೇಲೆ ಹುರಿಗಾಳು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನಳ್ಳಿ ಮೂಳೆಯವರೆಗೆ. ಆದರೆ ಮನೆಯ ಮುಖ್ಯ ಊಟ ಮುದ್ದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಸಾರಿನಲ್ಲಿ ಹೊರಳಿಸಿ ನುಂಗುವುದು. ಸಾವಿರ ಮುದ್ದೆ ಉಂಡರೂ ಹಲ್ಲಿಗೆ ಸುದ್ದಿಯೇ ಮುಟ್ಟುವುದಿಲ್ಲ. ಹೊಸ ಹಲ್ಲಿಗೆ ಇನ್ನಷ್ಟು ಅಭ್ಯಾಸವಾಗಲೆಂದು ಹನುಮಂತರಾಯಪ್ಪನವರು ಒಂದು ಮಧ್ಯಾಹ್ನ ಮುದ್ದೆಯನ್ನೂ ಅಗಿಯಲು ಕೂತರು. ಅದು ಮೇಲಿನ ದವಡೆಗೂ ಕೆಳಗಿನ ದವಡೆಗೂ ಅಂಟಿಕೊಂಡು, ಮಾತಾಡಲು ಬಾಯಿ ತೆರೆಯಲಾಗದೆ ಕೈಸನ್ನೆಯಲ್ಲಿ ನೀರು ಕೇಳಬೇಕಾಯಿತು.

"ಮುದ್ದೆ ಅಗಿಯೋ ಗಂಡುಸ್ನ ನಮ್ ವಂಸದಲ್ಲೇ ನೋಡಿಲ್ಲ" ಎಂದರು ಭದ್ರಮ್ಮ, ನೀರಿನ ಚೆಂಬು ಕುಕ್ಕುತ್ತ. "ಅಗಿಯಾದೇ ಆದ್ರೆ ಬಾಗ್ಲಾಕ್ಕೊಂಡು ಅಗೀರಿ. ಯಾರಾನ ನೋಡಿದ್ರೆ ಮಗಳ್ ಮದ್ವೆ ನಿಂತೋಯ್ತದೆ."

ಹುರಿಗಾಳಿನ ನಂತರದ ಮೆಟ್ಟಿಲು ಕೋಡುಬಳೆ. ಅದರ ಭಾರ ಎಷ್ಟೆಂದು ತಿಳಿಯದೆ ಬಾಯಿಗೆ ಹಾಕುವುದು ಇನ್‌ಸ್ಪೆಕ್ಷನ್ ವಿಭಾಗದವರಿಗೆ ಒಪ್ಪುವ ಮಾತಲ್ಲ. ಹೆಂಡತಿ ಮದುವೆಗೆಂದು ಅಭ್ಯಾಸಕ್ಕೆ ಕರಿದಿದ್ದ ಕೋಡುಬಳೆಯಲ್ಲಿ ಒಂದಿಷ್ಟನ್ನು ಟಿಫನ್ ಕ್ಯಾರಿಯರಿನಲ್ಲಿ ಹಾಕಿಕೊಂಡು ಹೋಗಿ, ಸ್ಪ್ರಿಂಗುಗಳನ್ನು ಅದುಮಿ ನೋಡುವ ಯಂತ್ರದ ಕೆಳಗಿಟ್ಟು ಪರೀಕ್ಷಿಸಿದರು. ಹೋಲಿಕೆಗೆ ಅಂಗಡಿಯ ಕೋಡುಬಳೆಯನ್ನೂ ಇಟ್ಟರು. ಸಂಜೆ ಬಂದು ಸಂಭ್ರಮದಿಂದ ವರದಿ ಒಪ್ಪಿಸಿದರು.

"ಭದ್ರೀ, ನಿನ್ ಕೋಡುಬಳೆ ಪಾಸಾಯ್ತು ಕಣೇ. ಅಂಗಡೀದು ಪುಡಿ ಆಗೋ ಭಾರಕ್ಕೆ ನಿಂದು ಮಿಸುಕಾಡ್ಲೇ ಇಲ್ಲ. ಮ್ಯಾನೇಜರ್ ಸಾಹೇಬ್ರೇ ಬಂದು ನೋಡಿದ್ರು. ಇದನ್ನ ಯಾವ ಮೆಟೀರಿಯಲ್‌ನಲ್ಲಿ ಮಾಡ್ತಾರೆ ಅಂತ ಕೇಳಿದ್ರು."

ಆ ವಾರ ಮನೆಯಲ್ಲಿ ಎಣ್ಣೆಯ ಬಾಣಲಿ ಒಲೆ ಏರಲಿಲ್ಲ. ಭದ್ರಮ್ಮನವರು ಕೋಪಿಸಿಕೊಂಡಿದ್ದರು ಎಂಬುದು ಗಂಡನಿಗೆ ಗೊತ್ತಾದದ್ದು ಅದರ ಮುಂದಿನ ವಾರ.

ಭಾರವೇನೋ ತಿಳಿಯಿತು. ಸ್ಕ್ರೂ ಅಲುಗಿತೋ ಇಲ್ಲವೋ ತಿಳಿಯುವುದು ಹೇಗೆ? ಸಡಿಲವಾದರೆ ಮೊದಲು ಒಂಚೂರು ತಿರುಗುತ್ತದೆ ಎಂದು ಡಾಕ್ಟರಮ್ಮನೇ ಹೇಳಿದ್ದರು. ತಿರುಗುವುದನ್ನು ಹಿಡಿಯುವ ವಿದ್ಯೆ ಇಡೀ ಪೀಣ್ಯದಲ್ಲಿ ಯಾರಿಗೆ ಇವರಿಗಿಂತ ಚೆನ್ನಾಗಿ ಗೊತ್ತು? ಕಾರ್ಖಾನೆಯ ಬಣ್ಣ ಬಾಯಿಗೆ ವಿಷವಾದೀತೆಂದು ಮಗಳ ನೇಲ್ ಪಾಲಿಶ್ ಬಾಟಲಿಯನ್ನು ವಶಪಡಿಸಿಕೊಂಡರು. (ಅದು ಅಮೃತವೆಂದು ಅವರಿಗೆ ಯಾರು ಹೇಳಿದರೋ ಕಾಣೆ.) ಕಿಟಕಿಯ ಬೆಳಕಿನಲ್ಲಿ ಬಾಯಿ ಅಗಲಿಸಿ ಕೂತು, ಹೊಸ ಹಲ್ಲಿನಿಂದ ಪಕ್ಕದ ಹಲ್ಲಿನ ಮೇಲೆ ಹಾಯುವಂತೆ ಭದ್ರಮ್ಮನವರ ಕೈಯಲ್ಲಿ ಒಂದು ಕೆಂಪು ಗೀಟು ಎಳೆಸಿದರು.

ಅಲ್ಲಿಂದ ಶುರುವಾಯಿತು ಭದ್ರಮ್ಮನವರ ಡ್ಯೂಟಿ. ಬೆಳಿಗ್ಗೆ ಹಲ್ಲುಜ್ಜಿದ ಮೇಲೊಂದು ಸಲ, ಸಂಜೆ ಪರೀಕ್ಷೆಯ ನಂತರ ಒಂದು ಸಲ, ಗಂಡ ಆ ಎಂದು ಕೂರುವುದು, ಹೆಂಡತಿ ಟಾರ್ಚು ಬಿಡುವುದು.

"ಗೀಟು?"

"ನೆಟ್ಗೈತೆ."

"ಸರಿಯಾಗಿ ನೋಡೇ."

"ನೆಟ್ಗೈತೆ ಅಂದ್ನಲ್ಲ. ಒಲೆ ಮ್ಯಾಲೆ ಸಾರು ಉಕ್ತಾ ಐತೆ, ನಿಮ್ ಬಾಯಲ್ಲಿ ಎಷ್ಟೊತ್ತು ಇಣುಕ್ಲಿ?"

ಬಣ್ಣ ಮಾಸಿದಾಗ ಅದೇ ಜಾಗದ ಮೇಲೆ ಮತ್ತೆ ಸವರುತ್ತಿದ್ದರು. ಕೋಡುಬಳೆಗೂ ಗೀಟು ಸರಿಯಲಿಲ್ಲ, ಚಕ್ಕುಲಿಗೂ ಸರಿಯಲಿಲ್ಲ. ಹನುಮಂತರಾಯಪ್ಪನವರಿಗೆ ಹೆಮ್ಮೆಯಾಯಿತು, ಒಳಗೊಳಗೆ ಸ್ವಲ್ಪ ನಿರಾಸೆಯೂ ಆಯಿತು. ವಾಷರ್ ಇಲ್ಲದ ಸ್ಕ್ರೂ ಹೀಗೆ ನಿಂತುಬಿಟ್ಟರೆ ಅವರು ಇಷ್ಟು ವರ್ಷ ಹಾಕಿಸಿದ ವಾಷರುಗಳಿಗೆ ಏನರ್ಥ?

ಮದುವೆ ಸಾಂಗವಾಗಿ ನಡೆಯಿತು. ಫೋಟೋದವನು "ನಗಿ ಸಾರ್" ಎಂದಾಗ ಹನುಮಂತರಾಯಪ್ಪನವರು ಧಾರಾಳವಾಗಿ ನಕ್ಕರು. ಕೆಂಪು ಗೀಟು ಕಂಡು, ಬಾಯಲ್ಲಿ ರಕ್ತ ಸುರಿಯುತ್ತಿದೆಯೆಂದು ಅವನು ಕ್ಯಾಮೆರಾ ಬಿಟ್ಟು ಓಡಿಬಂದ. ಅದೇ ನೆಪದಲ್ಲಿ ನೆಂಟರಿಗೆಲ್ಲ ಹೊಸ ಹಲ್ಲಿನ ಪುರಾಣ ಹೇಳಿದ್ದೂ ಆಯಿತು. ನಲ್ಲಪ್ಪನವರು ಕಿವಿಗೊಟ್ಟು ಕೇಳಿ, "ಸ್ಕ್ರೂ ಆಕವ್ರಾ? ಬರ‍್ಲಿ ಬರ‍್ಲಿ, ಬಾನ್ವಾರ ನೋಡನ" ಎಂದರು. ಭಾನುವಾರ ಬೀಗರೂಟ.

ಆ ಭಾನುವಾರ ಬೆಳಿಗ್ಗೆ ಟಾರ್ಚು ಹಿಡಿದ ಭದ್ರಮ್ಮ ಇನ್ನಷ್ಟು ಹತ್ತಿರಕ್ಕೆ ಬಗ್ಗಿದರು.

"ಗೀಟು?"

"ಒಂದ್ ನಿಮ್ಸ ಇರಿ." ಟಾರ್ಚನ್ನು ಆ ಕಡೆಯಿಂದ ಬಿಟ್ಟರು, ಈ ಕಡೆಯಿಂದ ಬಿಟ್ಟರು. "ಮುರ‍್ದೈತೆ ಕಣ್ರೀ. ಒಂದು ಮ್ಯಾಕ್ಕೆ, ಒಂದು ಕೆಳಿಕ್ಕೆ."

ಹನುಮಂತರಾಯಪ್ಪನವರು ಕನ್ನಡಿಯ ಮುಂದೆ ಹೋಗಿ ಕೆನ್ನೆಯನ್ನು ಬೆರಳಿನಿಂದ ಎಳೆದು ನೋಡಿದರು. ಗೀಟು ನಡುವೆ ತುಂಡಾಗಿತ್ತು. ಇಷ್ಟು ತಿಂಗಳು ಕಾದು, ಇನ್ನು ಕೆಲವೇ ಗಂಟೆ ಇರುವಾಗ ಹೀಗಾಗಬೇಕೇ? ಆದರೆ ಆ ಸಂಕಟದ ಹಿಂದೆಯೇ ಒಂದು ಸಣ್ಣ ಸಂತೋಷವೂ ಎದ್ದಿತು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. "ನಾನು ಅವತ್ತೇ ಹೇಳ್ದೆ. ವಾಷರ್ ಹಾಕಿಲ್ಲ ಅಂತ ಹೇಳ್ದೆ" ಎಂದರು.

"ಅಲ್ಲಾ, ಎರಡ್ರಲ್ಲಿ ಯಾವ್ದು ಸರಿದೈತೆ ಅಂತ ಎಂಗೊತ್ತು? ಬೆಳ್ಳಲ್ಲಿ ಮುಟ್ಟಿ ನೋಡ್ಲಾ?"

"ಮುಟ್ಬೇಡ. ಸಡಿಲ ಆಗಿರೋ ಜಾಯಿಂಟನ್ನ ಯಾರಾದ್ರೂ ಅಲ್ಲಾಡಿಸ್ತಾರಾ? ಯಾವುದು ಸರಿದಿದೆ ಅಂತ ಬೇರೆ ಕೇಳ್ಬೇಕಾ? ಬೋಲ್ಟು ಸಡಿಲ ಆಗುತ್ತೆ, ಬಾಡಿ ಎಲ್ಲಾದ್ರೂ ಸಡಿಲ ಆಗುತ್ತೇನೇ?"

ಇಷ್ಟು ವರ್ಷದ ಸರ್ವೀಸಿನ ಮಾತು. ಭದ್ರಮ್ಮ ಟಾರ್ಚು ಆರಿಸಿದರು.

ಭಾನುವಾರವಾದ್ದರಿಂದ ಕಾಲೇಜು ಇಲ್ಲ, ಡಾಕ್ಟರಮ್ಮ ಇಲ್ಲ. ವರ್ತೂರಿಗೆ ಮಾಡಿದ್ದ ವ್ಯಾನಿನಲ್ಲಿ ನೆಂಟರೆಲ್ಲ ಹಾಡು ಹೇಳುತ್ತಿದ್ದರೆ ಹನುಮಂತರಾಯಪ್ಪನವರು ಕಿಟಕಿಯ ಪಕ್ಕ ಕೂತು ಯೋಜನೆ ಹಾಕಿದರು. ಮೂಳೆಯನ್ನು ಎಡಗಡೆಗೇ ಹಾಕಬೇಕು, ಜನ ನೋಡಬೇಕು. ಆದರೆ ಸ್ಕ್ರೂ ಹಲ್ಲಿಗೆ ತಾಗಿಸದೆ ಒಂದೇ ಒಂದು ಹಲ್ಲು ಹಿಂದಕ್ಕೆ ಸರಿಸಿ, ದೇವರು ಕೂರಿಸಿದ ಹಲ್ಲಿನಲ್ಲಿ ಕಡಿದುಬಿಡಬೇಕು. ಯಾರಿಗೆ ಗೊತ್ತಾಗುತ್ತದೆ?

ನಲ್ಲಪ್ಪನವರ ಮನೆಯ ಮುಂದೆ ಶಾಮಿಯಾನ, ಉದ್ದಕ್ಕೆ ಪಂಕ್ತಿ. ಮುದ್ದೆ ಬಿತ್ತು, ಸಾರು ಬಿತ್ತು. ಕೊನೆಗೆ ನಲ್ಲಪ್ಪನವರೇ ಬಕೆಟ್ಟು ಹಿಡಿದು ಬಂದು, ಸೌಟಿನಲ್ಲಿ ಕೆದಕಿ ಕೆದಕಿ, ಕೋಲಿನಂಥ ಒಂದು ನಳ್ಳಿ ಮೂಳೆಯನ್ನು ಬೀಗರ ಎಲೆಯ ಮೇಲೆ ಇಟ್ಟರು. ಇಟ್ಟವರು ಮುಂದಕ್ಕೆ ಹೋಗಲಿಲ್ಲ. ಬಕೆಟ್ಟು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತರು. ಹೆಂಗಸರ ಸಾಲಿನಲ್ಲಿ ಕೂತಿದ್ದ ಭದ್ರಮ್ಮನವರ ಕೈ ಮುದ್ದೆಯ ಮೇಲೇ ನಿಂತಿತು.

ಹನುಮಂತರಾಯಪ್ಪನವರು ಮೂಳೆಯನ್ನು ಎತ್ತಿ ಎಡಗಡೆಗೆ ಇಟ್ಟು, ಒಂದು ಹಲ್ಲು ಹಿಂದಕ್ಕೆ ಸರಿಸಿ, ಕಣ್ಣು ಮುಚ್ಚಿ ಕಡಿದರು.

ಕಟಕ್ ಎಂದಿತು. ಪಂಕ್ತಿಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಆದರೆ ಮೂಳೆ ಇದ್ದ ಹಾಗೇ ಇತ್ತು. ಎಲೆಯ ಮೇಲೆ, ಉಪ್ಪಿನ ಪಕ್ಕದಲ್ಲಿ, ಉದ್ದ ಬೇರಿನ ಒಂದು ಹಲ್ಲು ಬಿದ್ದಿತ್ತು. ಅದರ ಮೇಲೆ ಅರ್ಧ ಕೆಂಪು ಗೀಟು.

ನಲ್ಲಪ್ಪನವರು ಬಗ್ಗಿ ಅದನ್ನು ಎತ್ತಿಕೊಂಡರು. ಪಂಚೆಯಲ್ಲಿ ಒರೆಸಿ ಬೆಳಕಿಗೆ ಹಿಡಿದು, ಮೇಲೆ ನೋಡಿದರು, ಬುಡ ನೋಡಿದರು. "ಬೀಗ್ರೇ, ಇದ್ರಾಗೆ ಸ್ಕ್ರೂ ಎಲ್ಲೈತೆ?"

"ಅದು ಸ್ಕ್ರೂದಲ್ಲ" ಎಂದರು ಹನುಮಂತರಾಯಪ್ಪನವರು ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡು. "ಅದು ನಂದೇ."

ಯಾರೂ ನಂಬಲಿಲ್ಲ. ಬಿದ್ದದ್ದು ಡಾಕ್ಟರು ಕೂರಿಸಿದ್ದೇ ಇರಬೇಕು, ಮಾನ ಉಳಿಸಿಕೊಳ್ಳಲು ಹೀಗೆ ಹೇಳುತ್ತಿದ್ದಾರೆ ಎಂದು ಪಿಸುಮಾತು ಸಾಲಿನುದ್ದಕ್ಕೂ ಹರಿಯಿತು. ಬೇರೆ ದಾರಿಯಿರಲಿಲ್ಲ. ಹನುಮಂತರಾಯಪ್ಪನವರು ಎದ್ದು ನಿಂತು, ಮಗಳ ಅತ್ತೆಮನೆಯ ಊರಿನ ಸಮಸ್ತರ ಮುಂದೆ ಬಾಯಿ ತೆರೆದರು. ನಲ್ಲಪ್ಪನವರು ಬಿದ್ದ ಹಲ್ಲನ್ನು ಎಡಗೈಗೆ ದಾಟಿಸಿ, ಬಲಗೈ ತೊಳೆದು ಬಂದು, ಉಳಿದಿದ್ದ ಸ್ಕ್ರೂ ಹಲ್ಲನ್ನು ಎರಡು ಬೆರಳಲ್ಲಿ ಹಿಡಿದು ಗೂಟ ಅಲ್ಲಾಡಿಸುವವರಂತೆ ಅಲ್ಲಾಡಿಸಿದರು. ಅದು ಜಗ್ಗಲಿಲ್ಲ. ಬಲ ಹಾಕಿ ಅಲ್ಲಾಡಿಸಿದರು. ಹಲ್ಲಿನ ಬದಲು ಹನುಮಂತರಾಯಪ್ಪನವರೇ ಅಲ್ಲಾಡಿದರು.

"ಅಬ್ಬಾ, ಬಂಡೆ ಇದ್ದಂಗೈತಲ್ಲಪ್ಪ" ಎಂದರು ನಲ್ಲಪ್ಪ. ಅವರ ದನಿಯಲ್ಲಿದ್ದ ಕುಚೋದ್ಯವೆಲ್ಲ ಹೋಗಿ ಬೆರಗು ಬಂದಿತ್ತು. ಕೈ ತೊಳೆದವರು ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿದರು. ವರ್ತೂರಿನ ಹಿರಿಯರೆಲ್ಲರ ಬೆರಳಿನ ರುಚಿಯೂ ಹನುಮಂತರಾಯಪ್ಪನವರಿಗೆ ಅವತ್ತು ಪರಿಚಯವಾಯಿತು.

"ಅಂಗಾದ್ರೆ ಇದ್ರಲ್ಲೇ ಕಡೀರಿ, ನೋಡನ" ಎಂದು ನಲ್ಲಪ್ಪನವರು ಅದೇ ಮೂಳೆಯನ್ನು ಕೈಗೆ ಕೊಟ್ಟರು.

ನಾಚಿಕೆ, ನೋವು, ಸಿಟ್ಟು, ಎಲ್ಲವೂ ಇದ್ದವು. ಆದರೆ ಆ ಗಳಿಗೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಎದ್ದು ನಿಂತದ್ದು ಕುತೂಹಲ. ವಾಷರ್ ಇಲ್ಲ, ಲಾಕ್ ನಟ್ಟು ಇಲ್ಲ. ಪಕ್ಕದಲ್ಲಿ ಆಸರೆಗಿದ್ದ ಹಲ್ಲೂ ಇಲ್ಲ. ಇಂಥ ಪರೀಕ್ಷೆ ಮತ್ತೆ ಸಿಗುತ್ತದೆಯೇ? ಹನುಮಂತರಾಯಪ್ಪನವರು ಮೂಳೆಯನ್ನು ಸ್ಕ್ರೂ ಹಲ್ಲಿನ ಮೇಲೆ ಅಡ್ಡಡ್ಡಲಾಗಿ ಇಟ್ಟು, ದವಡೆಯ ಶಕ್ತಿಯನ್ನೆಲ್ಲ ಹಾಕಿ ಕಡಿದರು. ಮೂಳೆಯ ಗೆಣ್ಣು ಲಟಕ್ಕನೆ ಮುರಿದು ಮಜ್ಜೆ ಗಲ್ಲದ ಮೇಲೆ ಇಳಿಯಿತು. ಶಾಮಿಯಾನದಲ್ಲಿ ಚಪ್ಪಾಳೆ. "ಯಾರಪ್ಪಾ ಆ ಡಾಕ್ಟ್ರಮ್ಮ, ಕೈಯಿಗೆ ಬಂಗಾರದ ಬಳೆ ಆಕ್ಬೇಕು" ಎಂದರು ಯಾರೋ. ಎಲ್ಲರೂ ಡಾಕ್ಟರಮ್ಮನನ್ನೇ ಹೊಗಳಿದರು. ದವಡೆ ಯಾರದೆಂದು ಒಬ್ಬರೂ ಕೇಳಲಿಲ್ಲ.

ಹನುಮಂತರಾಯಪ್ಪನವರಿಗೆ ಆ ಚಪ್ಪಾಳೆ ಕೇಳಿಸಲೇ ಇಲ್ಲ. ನಾಲಗೆಯನ್ನು ಕೂಡ ಹಲ್ಲಿಗೆ ತಾಗಿಸದೆ, ಬಾಯಿ ತೆರೆದುಕೊಂಡೇ ಹೆಂಗಸರ ಸಾಲಿನ ಕಡೆ ಓಡಿದರು. "ಭದ್ರೀ, ಬೇಗ ಟಾರ್ಚು ಬಿಡು. ಗೀಟು ಸರಿದಿದೆಯಾ ನೋಡು."

ಭದ್ರಮ್ಮ ಎಡಗೈಯಲ್ಲೇ ಬ್ಯಾಗಿನಿಂದ ಟಾರ್ಚು ತೆಗೆದು ಬಿಟ್ಟರು. ಸ್ವಲ್ಪ ಹೊತ್ತು ಇಣುಕಿದರು. ಆಮೇಲೆ ಟಾರ್ಚು ಆರಿಸಿ ಬ್ಯಾಗಿಗೆ ಹಾಕಿಕೊಂಡು, ಎಲೆಯ ಕಡೆ ತಿರುಗಿ ಮುದ್ದೆ ಮುರಿದರು.

"ಯಾವ್ದುಕ್ಕೆ ಇಟ್ಟು ನೋಡ್ಲಿ? ಗೀಟಿನ ಇನ್ನರ್ಧ ಬೀಗರ ಕೈಲೈತೆ."